ಲ್ಯಾಂಡ್ ಎಂದಷ್ಟೇ ಉಳಿದಿದ್ದ ಉಳಿ

ನನ್ನ ತಮ್ಮ ಯಾವ ಹತಾರವನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನು ತಿರುಗಿಸಿ ನೋಡುತ್ತಿದ್ದ. ಸುತ್ತಿಗೆಯಾದರೆ ಪಕ್ಕದಲ್ಲಿ, ಗರಗಸವಾದರೆ ಹಿಡಿಯ ಹತ್ತಿರ, ಉಳಿಯಾದರೆ ಕತ್ತಿನ ಕೆಳಗೆ, ಎಲ್ಲೋ ಒಂದು ಕಡೆ ಅಕ್ಷರ ಒತ್ತಿರುತ್ತಾರೆ. ಅದನ್ನು ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, ಅಂಗಡಿಯವನನ್ನು ಕೇಳುತ್ತಿದ್ದ: “ಯಾ ಊರ್ದಣ್ಣ ಇದು?” ಬೆಲೆ ಕೇಳುತ್ತಿದ್ದದ್ದು ಆಮೇಲೆ.

“ಲೇ, ಕಬ್ಬಿಣಕ್ಕೂ ಜಾತಕ ನೋಡ್ತೀಯೇನ್ಲಾ?” ಎಂದು ನಾನು ರೇಗಿಸುತ್ತಿದ್ದೆ.

“ನೀನು ಅಸು ತರೋವಾಗ ಅಲ್ಲು ನೋಡಲ್ವಾ? ಅಂಗೇ ಇದು” ಎನ್ನುತ್ತಿದ್ದ.

ಅವನು ಹೋಗಿ ವರ್ಷ ತುಂಬಿತು. ವರ್ಷದೊಳಗೆ ಏನನ್ನೂ ಬರೆಯಲು ಆಗಿರಲಿಲ್ಲ. ಈಗಲೂ ಅವನ ಬಗ್ಗೆ ಬರೆಯುವುದಕ್ಕಿಂತ ಅವನ ಹತಾರಗಳ ಬಗ್ಗೆ ಬರೆಯುವುದು ಸುಲಭ ಎಂದು ಇದನ್ನು ಹಿಡಿದಿದ್ದೇನೆ.

ನಮ್ಮದು ಬಂಗಾರಪೇಟೆಗೆ ಹತ್ತಿರದ ಹಳ್ಳಿ. ಅಮ್ಮ, ನಾನು, ನನ್ನ ಹೆಂಡತಿ, ತಮ್ಮ, ಅವನ ಹೆಂಡತಿ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ರಾಗಿ, ಟೊಮೆಟೊ, ಹಸುಗಳು ನನ್ನ ಪಾಲಿನ ಕೆಲಸ. ತಮ್ಮ ಬಡಗಿ ಕೆಲಸ ಕಲಿತಿದ್ದ. ಬೆಳಿಗ್ಗೆ ನಾನು ಹಾಲು ಹಾಕಿ ಬರುವ ಹೊತ್ತಿಗೆ ಅವನು ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿಯಲು ಬಂಗಾರಪೇಟೆ ಸ್ಟೇಷನ್ನಿಗೆ ಹೊರಟಿರುತ್ತಿದ್ದ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ಬೀರು, ಅಡುಗೆ ಮನೆಯ ಕಪಾಟು ಕೂಡಿಸುವ ಕೆಲಸ. ಅಲ್ಲಿ ಕೊರೆಯುವುದಕ್ಕೂ ಮೆಷಿನ್, ಕುಯ್ಯುವುದಕ್ಕೂ ಮೆಷಿನ್. “ಮರಾನೇ ಇಲ್ಲ ಅಣ್ಣ ಅಲ್ಲಿ. ಎಲ್ಲಾ ಅಂಟು. ನಾನು ಬಡಗಿ ಅಲ್ಲ, ಅಂಟ್ ಮೆತ್ತೋನು” ಎನ್ನುತ್ತಿದ್ದ. ಅದಕ್ಕೇ ಇರಬೇಕು, ರಜೆಯ ದಿನ ಬಂದರೆ ಕೈಯಲ್ಲಿ ಹಿಡಿದು ಕೆಲಸ ಮಾಡುವ ಹಳೆಯ ಹತಾರಗಳನ್ನು ಹುಡುಕಿಕೊಂಡು ಹೊರಡುತ್ತಿದ್ದ. ಬಿಡುವಿದ್ದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ನನಗೆ ಅದರಲ್ಲಿ ಆಸೆ ಇರಲಿಲ್ಲ. ಬೈಕಿನ ಹಿಂದೆ ಕೂತು ಹೋಗಿ, ಎಲ್ಲಾದರೂ ಟೀ ಕುಡಿದು, ಅವನು ಚೌಕಾಸಿ ಮಾಡುವುದನ್ನು ನೋಡಿಕೊಂಡು ಬರುವುದು ಇಷ್ಟವಾಗುತ್ತಿತ್ತು, ಅಷ್ಟೆ.

ಯಾವುದು ಎಲ್ಲಿಂದ ಬರುತ್ತದೆ ಎಂಬುದು ಅವನ ಜೊತೆ ಅಲೆದೇ ನನಗೆ ಗೊತ್ತಾದದ್ದು. ಬಂಗಾರಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ನೇತುಹಾಕಿರುವ ಇಕ್ಕಳ, ಸ್ಪ್ಯಾನರುಗಳು ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯವು. ಈಗೀಗ ಚೀನಾದವೂ ಸೇರಿವೆ. ಕತ್ತರಿ ಮೀರತ್ತಿನದು. ಸಂತೆಯಲ್ಲಿ ಗೋಣಿಚೀಲದ ಮೇಲೆ ಹರಡಿಕೊಂಡು ಮಾರುವ ಕುಡುಗೋಲು, ಮಚ್ಚು, ಕಳೆ ತೆಗೆಯುವ ಕುರ್ಪಿಗಳು ನಮ್ಮ ಸುತ್ತಮುತ್ತಲಿನ ಕುಲುಮೆಗಳಲ್ಲಿ ಆದವು. ಅವುಗಳ ಮೇಲೆ ಅಕ್ಷರ ಇರುವುದಿಲ್ಲ. ಬಡಿದವರು ಬೇಕಾದರೆ ಒಂದು ಗೀರೋ ಚುಕ್ಕೆಯೋ ಹಾಕಿರುತ್ತಾರೆ. “ಅಕ್ಷರ ಇಲ್ದಿದ್ರೆ ನಮ್ಮೂರ್ದು ಅಂತ ತಿಳ್ಕೊ” ಎಂದು ತಮ್ಮ ಹೇಳಿಕೊಟ್ಟಿದ್ದ.

ಇನ್ನೊಂದು ತರಹದವು ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಸಿಗುತ್ತಿದ್ದವು. ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿ ಕೆಲಸ ಮಾಡಿದವರ ಮನೆಗಳಿಂದ ಒಂದೊಂದೇ ಹೊರಗೆ ಬಂದ ಸಾಮಾನು. ಅಪ್ಪ ತೀರಿಕೊಂಡಾಗ, ಮನೆ ಬದಲಾಯಿಸುವಾಗ, ಮಕ್ಕಳು ಅಟ್ಟ ಗುಡಿಸುವಾಗ ಸಿಕ್ಕಿದ ಸುತ್ತಿಗೆ, ಅರ, ಉಳಿ, ಬೈರಿಗೆಗಳು ಹಳೇ ಕಬ್ಬಿಣದ ಅಂಗಡಿಗೆ ಬರುತ್ತಿದ್ದವು. ಎಲ್ಲವೂ ಬರುತ್ತಿರಲಿಲ್ಲ. ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಸಾಲುಮನೆಯೊಂದರಲ್ಲಿ ಒಬ್ಬ ಅಜ್ಜಿಯ ಬಳಿ ಒಳ್ಳೆಯ ಸುತ್ತಿಗೆ ಇದೆ ಎಂದು ಯಾರೋ ಹೇಳಿ, ನಾವಿಬ್ಬರೂ ಹೋಗಿದ್ದೆವು. ಆಕೆ ಸುತ್ತಿಗೆ ತಂದು ತೋರಿಸಿದರು. ತಮ್ಮ ತಿರುಗಿಸಿ ನೋಡಿದ, ತೂಗಿ ನೋಡಿದ. ಕೇಳುವ ಮೊದಲೇ ಆಕೆ ತಮಿಳು ಬೆರೆಸಿ, “ನೋಡ್ಕೋ ಕಣ್ಣು, ಕುಡುಕ್ಕಮಾಟ್ಟೇನ್. ಕೊಡಲ್ಲ” ಎಂದರು. ಅದು ಅವರ ಗಂಡ ಗಣಿಯಲ್ಲಿ ಬಳಸಿದ್ದಂತೆ. ಆಕೆ ಈಗ ಅದರಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದರು. ನಮಗೂ ಅರ್ಧ ಹೋಳು ಕೊಟ್ಟು ಕಳಿಸಿದರು. ದಾರಿಯಲ್ಲಿ ತಮ್ಮ, “ಕೆಲ್ಸದಾಗೈತಲ್ಲ, ಅಷ್ಟು ಸಾಕು ಬಿಡು” ಎಂದ.

ಆಂಡರ್ಸನ್‌ಪೇಟೆಯ ಹಳೇ ಕಬ್ಬಿಣದ ಅಂಗಡಿಯವರು ತಮಿಳಿನವರು. ಕನ್ನಡ, ತೆಲುಗು ಎರಡೂ ಬರುತ್ತದೆ, ಆದರೆ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿಬಿಡುತ್ತಾರೆ. ಮರ ಕೆತ್ತುವ ಉಳಿಗೆ ನಮ್ಮಲ್ಲೂ ಉಳಿ, ಅವರ ತಮಿಳಿನಲ್ಲೂ ಉಳಿ, ತೆಲುಗಿನವರಿಗೂ ಅದೇ. ಆದರೆ ಮಿಕ್ಕಿದ್ದು ಎನ್ನುವುದಕ್ಕೂ ಉಳಿದದ್ದು ಎನ್ನುವುದು ನಮ್ಮಲ್ಲಿ ಮಾತ್ರ. ಇದನ್ನು ತಮ್ಮ ಒಂದು ದಿನ ಅವರಿಗೆ ಬಿಡಿಸಿ ಹೇಳಿದ. ಅವರಿಗೆ ಅರ್ಥವಾಗಲು ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬಿಡಲಿಲ್ಲ. ಅಂದಿನಿಂದ ನಾವು ಹೋದಾಗೆಲ್ಲ ಇದೇ ಪಾಠ.

“ಏನುಳೀತಣ್ಣ ಇವತ್ತು?” ಎಂದು ತಮ್ಮ ಕೇಳಬೇಕು.

“ಎಲ್ಲಾ ಪೋಯ್ತು ತಂಬಿ. ಉಳಿ ಉಳೀತು!” ಎಂದು ಹೇಳಿ ಅವರು ಹೊಟ್ಟೆ ಕುಲುಕಿಸಿಕೊಂಡು ನಗಬೇಕು. ಅಂಗಡಿಯಲ್ಲಿ ಉಳಿ ಇಲ್ಲದ ದಿನವೂ ಹೀಗೇ.

ನಾನು ಹೇಳಬೇಕಾದ ಉಳಿ ಆ ಅಂಗಡಿಯದೇ. ಅಗಲದ ಉಳಿ, ಹಿಡಿ ಸೀಳಿಹೋಗಿತ್ತು, ಮೈಯೆಲ್ಲ ತುಕ್ಕು. ತಮ್ಮ ಅಲ್ಲೇ ಸೀಮೆಎಣ್ಣೆ ಹಾಕಿ ಉಜ್ಜಿದ. ಕತ್ತಿನ ಕೆಳಗೆ ಇಂಗ್ಲಿಷ್ ಅಕ್ಷರ ಕಾಣಿಸಿಕೊಂಡವು. ಮುಂದಿನವೆಲ್ಲ ಸವೆದು, ಕೊನೆಯ ನಾಲ್ಕು ಮಾತ್ರ ಓದುವಂತಿದ್ದವು: ಎಲ್, ಎ, ಎನ್, ಡಿ.

“ಇಂಗ್ಲೆಂಡ್ ತಂಬಿ. ಒರಿಜಿನಲ್ಲು. ದೊರೆಗೋಳು ಕಾಲದ್ದು.”

“ಇಂಗ್ಲೆಂಡ್ ಎಲ್ಲಣ್ಣ ಐತೆ? ಬರೀ ಲ್ಯಾಂಡ್ ಐತೆ.”

“ಲ್ಯಾಂಡ್ ಇದ್ಮೇಲೆ ಇಂಗ್ಲು ಇರ್ಲೇಬೇಕಲ್ಲ?”

ನಾನು ಸುಮ್ಮನಿರಲಾರದೆ, “ನಾಗಾಲ್ಯಾಂಡ್ ಇರ್ಬೋದು ನೋಡ್ಲಾ” ಎಂದೆ.

ಅಂಗಡಿಯವರು ನನ್ನ ಕಡೆ ತಿರುಗಿ, “ಅಣ್ಣೇ, ನೀವು ಅಸು ನೋಡ್ಕೊಳ್ಳಿ” ಎಂದರು. ತಮ್ಮ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಮನೆಯಲ್ಲಿ ಅದರ ಹೆಸರು ಲ್ಯಾಂಡ್ ಎಂದೇ ಆಯಿತು. “ಆ ಲ್ಯಾಂಡ್ ಎತ್ಕೊಡೇ” ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ಕೈಗೆ ಕೊಡುತ್ತಿರಲಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಇಡುತ್ತಿದ್ದಳು. ಹರಿತವಾದ ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಯಾರೂ ಕೊಡುವುದಿಲ್ಲ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

ಲ್ಯಾಂಡ್‌ಗೆ ಅವನೇ ಹೊಸ ಹಿಡಿ ಮಾಡಿದ. ಕೆರೆ ಏರಿಯ ಮೇಲೆ ಮುರಿದು ಬಿದ್ದಿದ್ದ ಹುಣಸೆ ಕೊಂಬೆಯ ತುಂಡು ಅದು. ಸುತ್ತಿಗೆ ಏಟಿಗೆ ಸೀಳದಂತೆ ತುದಿಗೆ ನೀರಿನ ಪೈಪಿನ ಚೂರನ್ನು ಬಳೆಯಂತೆ ತೊಡಿಸಿದ್ದ. ಮರಳು ಕಾಗದ ಅವನಿಗೆ ಸೇರುತ್ತಿರಲಿಲ್ಲ. ಒಡೆದ ಬಾಟಲಿಯ ಗಾಜಿನ ಚೂರಿನಿಂದ ಹೆರೆದು ಹೆರೆದು ನುಣುಪು ಮಾಡುತ್ತಿದ್ದ. ಕೊಟ್ಟಿಗೆಯ ಮುಂದಿನ ಕಲ್ಲು ಚಪ್ಪಡಿಯೇ ಅವನ ಕಾರ್ಖಾನೆ. ಹಲಗೆಯನ್ನು ಕಚ್ಚಿ ಹಿಡಿಯುವ ಇಕ್ಕಳದ ಮೇಜು ನಮ್ಮಲ್ಲಿ ಇರಲಿಲ್ಲ. ಆದ್ದರಿಂದ ಹಲಗೆಯ ಒಂದು ತುದಿಯ ಮೇಲೆ ಅವನ ಹೆಂಡತಿ ಕೂರುತ್ತಿದ್ದಳು, ಇನ್ನೊಂದು ತುದಿಯಲ್ಲಿ ಅವನು ಕೆತ್ತುತ್ತಿದ್ದ. ಅವಳು ಕೂತಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. “ಇವ್ರು ನನ್ನ ಮದ್ವೆ ಆಗಿದ್ದೇ ಅಲಗೆ ಮೇಲೆ ಕೂರ್ಸೋಕೆ ಅಕ್ಕಾ” ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದಳು. “ಅಳ್ಳಾಡ್ಬೇಡ ಕಣೇ, ಗೆರೆ ತಪ್ತದೆ” ಎಂದು ಅವನು ಗದರುತ್ತಿದ್ದ.

ಕೊನೆಗೆ ಅವನು ಹಿಡಿದಿದ್ದ ಕೆಲಸ ಹಸುಗಳ ಮೇವಿನ ಗೋದಲಿಗೆ ಮುಂದಿನ ಹಲಗೆ. ಹಳೆಯದು ಗೆದ್ದಲು ಹಿಡಿದಿತ್ತು. ಹೊಸ ಹಲಗೆಗೆ ಮೂರು ಗೂಟ ಕೂರಬೇಕು, ಮೂರಕ್ಕೂ ಚೌಕದ ತೂತು. ತೂತಿನ ಅಗಲ ಎಷ್ಟೆಂದರೆ ಲ್ಯಾಂಡ್‌ನ ಅಗಲ. ಅಳತೆ ಕಡ್ಡಿ ಹಿಡಿಯದೆ ಉಳಿಯ ಬಾಯನ್ನೇ ಮರದ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ಎರಡು ತೂತು ಆದವು. ಮೂರನೆಯದು ಅರ್ಧ ಆಳಕ್ಕೆ ಬಂದಿದ್ದಾಗ ಕತ್ತಲಾಯಿತು. ಉಳಿಯನ್ನು ಕಿಟಕಿಯ ಮೇಲಿಟ್ಟು ಊಟಕ್ಕೆ ಬಂದ. ಬೆಳಿಗ್ಗೆ ರೈಲಿಗೆ ಹೊರಡುವ ಮೊದಲು ಎದೆ ಹಿಡಿದಂತಾಗುತ್ತಿದೆ ಎಂದ. ಗ್ಯಾಸ್ ಇರಬೇಕೆಂದು ಅಮ್ಮ ಜೀರಿಗೆ ನೀರು ಕೊಟ್ಟಳು. ಆಟೋದಲ್ಲಿ ಕೂರಿಸಿಕೊಂಡು ಬಂಗಾರಪೇಟೆಗೆ ಹೊರಟೆವು. ಊರು ತಲುಪುವ ಮೊದಲೇ ನನ್ನ ಹೆಗಲ ಮೇಲೆ ತಲೆ ವಾಲಿತು. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ಅದರ ಪಕ್ಕ ಕಬ್ಬಿಣದ ಏನಾದರೊಂದನ್ನು ಇಡುವುದು ನಮ್ಮ ಕಡೆಯ ಪದ್ಧತಿ. ಸಾಮಾನ್ಯವಾಗಿ ಕುಡುಗೋಲು. ಅವತ್ತು ಕುಡುಗೋಲು ಹೊಲದ ಶೆಡ್ಡಿನಲ್ಲಿತ್ತು. ಅಮ್ಮ, “ಕಬ್ಬಿಣ, ಯಾವ್ದಾನಾ ಕಬ್ಬಿಣ ತತ್ತಾ” ಎಂದು ಕೂಗಿದಳು. ನನ್ನ ಹೆಂಡತಿ ಕಿಟಕಿಯ ಮೇಲಿದ್ದುದನ್ನು ತಂದು ಇಟ್ಟಳು. ತಿಥಿ ಮುಗಿಯುವವರೆಗೂ ಅದು ಅಲ್ಲೇ ಇತ್ತು. ನಾವೆಲ್ಲ ದಿನಾ ನೋಡಿದ್ದೇವೆ. ಆದರೆ ಯಾರಿಗೂ ಅದು ಲ್ಯಾಂಡ್ ಎಂದು ಹೊಳೆಯಲಿಲ್ಲ. ದೀಪದ ಪಕ್ಕದ ಕಬ್ಬಿಣ ಎಂದಷ್ಟೇ ಕಂಡಿತು. ತಿಥಿಯ ದಿನ ದೀಪ, ಬಟ್ಟೆ, ಅಕ್ಕಿ, ಪಾತ್ರೆಗಳ ಜೊತೆ ಅದನ್ನೂ ತಿಥಿಯ ಶಾಸ್ತ್ರ ಮಾಡಿಸಲು ಬಂದಿದ್ದ ಪಕ್ಕದೂರಿನ ಹಿರಿಯರಿಗೆ ಕೊಟ್ಟು ಕಳಿಸಿದೆವು. ಹಾಗೆ ಕೊಟ್ಟದ್ದು ತಿರುಗಿ ಮನೆಗೆ ಬರಬಾರದು.

ಸೂತಕದ ವರ್ಷದಲ್ಲಿ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ಆಯುಧ ಪೂಜೆ ಬಂತು. ಬೇರೆ ವರ್ಷ ತಮ್ಮ ತನ್ನ ಪೆಟ್ಟಿಗೆ ತೆಗೆದು, ಒಂದೊಂದನ್ನೂ ಎಣ್ಣೆಯಲ್ಲಿ ಒರೆಸಿ, ಕಂಬಳಿಯ ಮೇಲೆ ಸಾಲಾಗಿ ಜೋಡಿಸಿ, ಎಲ್ಲಕ್ಕೂ ಕುಂಕುಮ ಇಡುತ್ತಿದ್ದ. ಈ ಸಲ ಬೀದಿಯಲ್ಲಿ ಟ್ರ್ಯಾಕ್ಟರುಗಳಿಗೆ ಬಾಳೆಕಂದು ಕಟ್ಟುತ್ತಿದ್ದರೆ ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ತಮ್ಮನ ಹೆಂಡತಿ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ತಂದಳು.

“ಅಬ್ಬ ಇಲ್ಲ ಕಣಮ್ಮ ನಮ್ಗೆ” ಎಂದಳು ಅಮ್ಮ.

“ಅಬ್ಬ ಬ್ಯಾಡ ಅತ್ತೆ. ತುಕ್ಕು ಇಡೀತದೆ, ಎಣ್ಣೆ ಆಕ್ತೀನಿ, ಅಷ್ಟೇ.”

ಅಮ್ಮ ಒಳಗೆ ಹೋದಳು. ತಮ್ಮನ ಹೆಂಡತಿ ಒಂದೊಂದೇ ತೆಗೆದು ಒರೆಸಿ ಇಡುತ್ತಿದ್ದಳು. ನಾನು ಹಗ್ಗ ಹೊಸೆಯುತ್ತಾ ಕೂತಿದ್ದೆ. ಅವಳು ಕೈ ನಿಲ್ಲಿಸಿ, “ಬಾವ, ಲ್ಯಾಂಡ್ ಎಲ್ಲಿ?” ಎಂದಳು.

ಹುಡುಕಿದೆವು. ಪೆಟ್ಟಿಗೆಯ ತಳ, ಕೊಟ್ಟಿಗೆ, ಸೌದೆ ರಾಶಿ. ಆಗ ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖ ನೋಡಿಯೇ ನನಗೆ ಕಿಟಕಿ ನೆನಪಾಯಿತು.

“ನಾನೇ ಇಟ್ಟೆ ಕಣಮ್ಮ, ದೀಪದತ್ರ” ಎಂದಳು. “ಕೈಗೆ ಸಿಕ್ಕಿದ್ದು ಇಟ್ಬುಟ್ಟೆ.”

ತಮ್ಮನ ಹೆಂಡತಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ತಮ್ಮನ ಹೆಂಡತಿ ಗೋಡೆಗೆ ಒರಗಿಸಿದ್ದ ಹಲಗೆಯ ಕಡೆ ನೋಡಿ, “ಮೂರ್ನೇ ತೂತು ಅಂಗೇ ಐತೆ” ಎಂದಳು. ಪೆಟ್ಟಿಗೆಯಲ್ಲಿ ಬೇರೆ ಉಳಿಗಳಿದ್ದವು. ಒಂದು ಕಿರಿದು, ಇನ್ನೊಂದು ದೊಡ್ಡದು. ನಾನು ಒಂದೆರಡನ್ನು ಗೆರೆಯ ಮೇಲೆ ಇಟ್ಟು ನೋಡಿದೆ, ಕೂರಲಿಲ್ಲ. ಕಿರಿದಾದ ಉಳಿಯಲ್ಲಿ ಎರಡು ಸಲ ಕೆತ್ತಿದರೆ ತೂತೇನೋ ಆಗುತ್ತಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಹಾಗೆ ಮಾಡೋಣವೆಂದು ನಾನು ಹೇಳಲಿಲ್ಲ. ಎಂಟು ಹತ್ತು ತಿಂಗಳಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಲ್ಯಾಂಡ್ ಒಂದನ್ನೇ.

ಅಮ್ಮ ಒಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಓದದ್ದು ಓಯ್ತು. ಸಾವಿನ್ ಜೊತೆ ಓದ ಕಬ್ಬಿಣ ಒಸ್ಲು ತುಳೀಬಾರ್ದು. ಯಾರೂ ಉಡುಕ್ಕೊಂಡ್ ಓಗ್ಬ್ಯಾಡಿ” ಎಂದಳು.

ನಾನು ಹೋದೆ. ಪಕ್ಕದೂರಿನ ಆ ಹಿರಿಯರು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, “ನನ್ಗೇನ್ ಬಡಗಿ ಕೆಲ್ಸ ಬತ್ತದಾ ಸಾಮಿ? ಅಳೇ ಕಬ್ಬಿಣದ ಗಾಡಿಯೋನ್ಗೆ ಆಕ್ಬುಟ್ಟೆ” ಎಂದರು. ಅವರ ಕಡೆಯಿಂದ ಅದು ಸರಿಯೇ. ಗಾಡಿಯವನನ್ನು ಹಿಡಿಯಲು ಕೆಲವು ದಿನ ಬೇಕಾಯಿತು. ಅವನಿಗೆ ಉಳಿ ನೆನಪಿರಲಿಲ್ಲ, ಆದರೆ ತಾನು ಕೂಡಿಸಿದ್ದೆಲ್ಲ ಹೋಗುವುದು ಆಂಡರ್ಸನ್‌ಪೇಟೆಗೆ ಎಂದ. ಯಾವ ಅಂಗಡಿ ಎಂದು ಕೇಳಿದೆ. ಹೇಳಿದ. ತಮ್ಮ ಹೋಗುತ್ತಿದ್ದ ಅಂಗಡಿಯೇ.

ತಮ್ಮ ಹೋದ ಮೇಲೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಬಸ್ಸಿಳಿದು ನಡೆಯುವಾಗ, ಅಂಗಡಿಯವರಿಗೆ ವಿಷಯ ಗೊತ್ತಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ದೂರದಿಂದ ನನ್ನನ್ನು ನೋಡಿದವರೇ ಅವರು ಕೈ ಎತ್ತಿದರು.

“ವಾಂಗೋ ಅಣ್ಣೇ! ಏನಿದು, ಒಬ್ರೇ? ತಂಬಿ ಎಲ್ಲಿ? ಏನುಳೀತು ಅಂತ ಕೇಳೋಕೆ ಆಳೇ ಇಲ್ಲ ಇಲ್ಲಿ.”

ನಾನು ಹೇಳಿದೆ. ಅವರು ಕೂತಿದ್ದ ಡಬ್ಬದಿಂದ ಎದ್ದು ನಿಂತರು. ಮತ್ತೆ ಕೂತರು. “ಅಯ್ಯೋ ಮುರುಗಾ” ಎಂದರು. ಪಕ್ಕದ ಹೋಟೆಲಿನ ಕಡೆ ತಿರುಗಿ ಎರಡು ಟೀ ಎಂದು ಬೆರಳು ತೋರಿಸಿದರು. ಟೀ ಬಂದು ಆರಿತು. ಆಮೇಲೆ ನಾನು ಉಳಿಯ ವಿಷಯ ಹೇಳಿದೆ.

“ನಾನು ಮಾರಿದ್ದು ನನ್ನ ಅತ್ರಾನೇ ವಾಪಸ್ ಬಂತಾ?” ಎಂದು ಅವರು ಲುಂಗಿ ಮೇಲೆತ್ತಿ ಕಟ್ಟಿ ರಾಶಿಯೊಳಗೆ ಇಳಿದರು. ಸೈಕಲ್ ಚೈನು, ಹರಿದ ತಗಡು, ಫ್ಯಾನಿನ ರೆಕ್ಕೆಗಳ ನಡುವೆ ಇಬ್ಬರೂ ಹುಡುಕಿದೆವು. ಸಿಕ್ಕಿದ್ದು ಅವರಿಗೆ. ಲುಂಗಿಯ ಮೇಲೇ ಉಜ್ಜಿ ತೋರಿಸಿದರು. ಎಲ್, ಎ, ಎನ್, ಡಿ.

ಹಿಡಿ ಇರಲಿಲ್ಲ.

“ಕಟ್ಟೆ, ಮರದ್ದು, ಎಲ್ಲಾ ಎತ್ತಿ ಬಿಡ್ತೀವಿ ಅಣ್ಣೇ. ಮರಕ್ಕೆ ತೂಕ ಕೊಡಲ್ಲ ಯಾರೂ” ಎಂದರು. ಕಿತ್ತ ಹಿಡಿಗಳೆಲ್ಲ ಪಕ್ಕದ ಹೋಟೆಲಿನ ಒಲೆಗೆ ಹೋಗುತ್ತವಂತೆ. ನಾನು ಒಲೆಯ ಕಡೆ ನೋಡಿದೆ. ನೋಡಿ ಏನು ಪ್ರಯೋಜನ? ಅದು ಸುಟ್ಟು ಎಷ್ಟು ದಿನವಾಗಿತ್ತೋ. ಅವನು ಗಾಜಿನಿಂದ ಹೆರೆದ ಹುಣಸೆ ಹಿಡಿ ಅವತ್ತಿನ ಟೀಯೋ ಮರುದಿನದ ಟೀಯೋ ಕಾಯಿಸಿತ್ತು.

ಅವರು ದುಡ್ಡು ಮುಟ್ಟಲಿಲ್ಲ. ಉಳಿಯನ್ನು ಕಾಗದದಲ್ಲಿ ಸುತ್ತಿ ಡಬ್ಬದ ಮೇಲೆ ಇಟ್ಟರು, ನಾನು ಎತ್ತಿಕೊಂಡೆ. ಹೊರಡುವಾಗ ಅವರು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಉಳಿ ಉಳೀತು ಎಂಬ ಹಳೆಯ ಪಾಠವನ್ನೇ ಹೇಳಲು ಹೊರಟಿದ್ದರೆಂದು ನನಗೆ ಗೊತ್ತಿತ್ತು. ಅವತ್ತು ಅದು ತಮಾಷೆಯಾಗಿರಲಿಲ್ಲ, ಇದ್ದ ಸಂಗತಿಯೇ ಆಗಿತ್ತು.

ಮನೆಯೊಳಗೆ ತರಲಿಲ್ಲ. ಹಿತ್ತಿಲ ಬೇಲಿಯ ಕಲ್ಲಿನ ಸಂದಿಯಲ್ಲಿ ಇಟ್ಟು, ಕೈಕಾಲು ತೊಳೆದು ಒಳಗೆ ಹೋದೆ. ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿಬಿಟ್ಟೆ. ಹಿಡಿ ಸುಟ್ಟುಹೋದದ್ದನ್ನೂ ಹೇಳಿದೆ. ಅಮ್ಮ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

“ಬ್ಯಾಡ ಅಂದ್ನಲ್ಲಾ. ಅಸುಗೋಳ್ಗೇನಾನಾ ಆದ್ರೆ? ನಿಂಗೇನಾನಾ ಆದ್ರೆ? ಇನ್ನೊಬ್ನ ಕಳ್ಕೊಳೋ ಶಕ್ತಿ ಇಲ್ಲ ಕಣ್ಲಾ ನಂಗೆ.”

ಅಮ್ಮನ ಹಟ ಮೈಲಿಗೆಯದೆಂದು ನಾನು ತಿಳಿದಿದ್ದೆ. ಅದು ಭಯ ಎಂದು ಆಗ ಗೊತ್ತಾಯಿತು.

ತಮ್ಮನ ಹೆಂಡತಿ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಹೇಳಿದಳು: “ಅತ್ತೆ, ಅವ್ರ್ ಮಲ್ಗಿದ್ ಜಾಗ್ದಾಗೇ ನಾನು ದಿನಾ ಚಾಪೆ ಆಸ್ಕೊಂಡು ಮಲ್ಗ್ತೀನಿ. ನಂಗೇನೂ ಆಗಿಲ್ಲ. ಉಳೀಗೆ ಮಾತ್ರ ಏನು?”

ಅಮ್ಮ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಳ್ಳಲಿಲ್ಲ. ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದಾಗ ಕೊಟ್ಟಿಗೆಗೆ ಬಂದು, ಹಸುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಳು. “ಆಚಾರಿ ಅತ್ರ ಓಗು. ಕಬ್ಬಿಣ ಉಟ್ಟೋದು ಬೆಂಕಿನಾಗೆ. ಕೆಂಪ್ಗೆ ಕಾದು ಬಂದ್ರೆ ಅದು ಒಸ ಕಬ್ಬಿಣಾನೇ. ಸಾವು ಗೀವು ಇರಲ್ಲ ಅದ್ರಾಗೆ. ಬರೀ ಬೆಂಕಿಗೆ ತೋರ್ಸಿ ತಂದ್ರೆ ಆಗಲ್ಲ. ಕೆಂಪ್ಗಾಗ್ಬೇಕು” ಎಂದಳು.

ನಮಗೆ ಕುಡುಗೋಲು, ಗುದ್ದಲಿ ತಟ್ಟಿಕೊಡುವ ಆಚಾರಿಯ ಕುಲುಮೆ ಬಂಗಾರಪೇಟೆಗೆ ಹೋಗುವ ದಾರಿಯಲ್ಲಿದೆ. ಈಗ ತಿದಿ ಒತ್ತುವುದಿಲ್ಲ, ಕರೆಂಟಿನ ಗಾಳಿಯಂತ್ರ ಇದೆ. ಕರೆಂಟು ಹೋದರೆ ಬೀಡಿ ಸೇದುತ್ತಾ ಕೂರುತ್ತಾರೆ. ಮನೆಮಾತು ತೆಲುಗು. ನಾನು ಉಳಿಯ ಕಥೆಯನ್ನೂ ಅಮ್ಮನ ಮಾತನ್ನೂ ಹೇಳಿ ಉಳಿಯನ್ನು ಅವರ ಮುಂದೆ ನೆಲದ ಮೇಲಿಟ್ಟೆ. ಎತ್ತಿಕೊಂಡು, ಬಾಯಿಯನ್ನು ಉಗುರಿನ ಮೇಲೆ ಎಳೆದು ನೋಡಿದರು.

“ಅಬ್ಬಾ, ಮಂಚಿ ಉಕ್ಕು, ಒಳ್ಳೇದು. ಕೆಂಪ್ಗೆ ಮಾಡ್ಬೇಕಾ? ಮಾಡಿದ್ರೆ ಇಂಗ್ಲೆಂಡೋರು ಕೊಟ್ಟ ಹದ ಓಗ್ತದೆ ಸಾಮಿ. ಆಮೇಲೆ ನಾನು ಕೊಡೋದೇ ಹದ.”

“ನೀವು ಕೊಟ್ಟಿದ್ದು ನಿಲ್ತದಾ?”

“ನಿಮ್ಮ ಮನೆ ಕುಡ್ಲು ಯಾವತ್ತಾನಾ ಬಾಗೈತಾ?” ಎಂದು ಕೇಳಿ, ಬೀಡಿ ತುಂಡು ಎಸೆದು, “ನಿಲ್ತದೆ. ಆದ್ರೆ ಅದು ಆ ಉಳಿ ಅಲ್ಲ. ಆಮೇಲೆ ಬಂದು ನನ್ನ ಉಳಿ ಕೆಡಿಸ್ಬುಟ್ಟೆ ಅನ್ಬಾರ್ದು” ಎಂದರು.

ನನ್ನೊಬ್ಬನ ತೀರ್ಮಾನ ಅಲ್ಲ ಅದು. ಹೊರಗೆ ಬಂದು ತಮ್ಮನ ಹೆಂಡತಿಗೆ ಫೋನ್ ಮಾಡಿದೆ. ಹಿಡಿ ಆಗಲೇ ಹೋಗಿದೆ, ಈಗ ಹದವೂ ಹೋಗುತ್ತದಂತೆ, ಏನು ಮಾಡಲಿ ಎಂದು ಕೇಳಿದೆ. ಆ ಕಡೆ ಹಸು ಕೂಗುವುದು ಕೇಳಿಸುತ್ತಿತ್ತು.

“ಕೆಂಪ್ಗೆ ಮಾಡ್ಲಿ ಬಾವ” ಎಂದಳು. “ಮನೆಗೆ ಬರ್ಬೇಕಲ್ಲ.”

ಆಚಾರಿ ಇದ್ದಿಲಲ್ಲಿ ಹೂತರು. ಉಳಿ ಮೊದಲು ಕಪ್ಪಾಯಿತು, ಆಮೇಲೆ ಒಳಗಿನಿಂದ ಕೆಂಪೇರಿತು. ಇಕ್ಕಳದಲ್ಲಿ ಎತ್ತಿ ನನ್ನ ಕಡೆ ತಿರುಗಿಸಿ, “ನೋಡ್ಕೊ, ಅಮ್ಮಂಗೆ ಯೋಳು” ಎಂದರು. ನೋಡಿಕೊಂಡೆ. ಬಾಯಿಯನ್ನು ನೀರಿಗೆ ಅದ್ದಿ ತೆಗೆದು, ಮಣ್ಣಿನ ಮೇಲೆ ಉಜ್ಜಿ ಹೊಳಪು ಬರಿಸಿ, ಕತ್ತಿನ ಕಡೆಯ ಬಿಸಿ ಮೆಲ್ಲಗೆ ಬಾಯಿಗೆ ಇಳಿಯುವುದನ್ನು ನೋಡುತ್ತಾ ನಿಂತರು. ಒಣಹುಲ್ಲಿನ ಬಣ್ಣ ಬಂದ ಕೂಡಲೇ ಪೂರ್ತಿ ಮುಳುಗಿಸಿದರು. ತೆಗೆದಾಗ ಅಕ್ಷರಗಳ ಮೇಲ್ಪದರ ಎದ್ದು, ಡಿ ಮಾತ್ರ ಸ್ವಲ್ಪ ಕಾಣುತ್ತಿತ್ತು. ಅವರು ಚುಕ್ಕೆ ಒತ್ತುವ ಮೊಳೆಯನ್ನು ಎತ್ತಿಕೊಂಡು, “ನನ್ನ ಗುರ್ತು ಆಕ್ಲಾ, ಬ್ಯಾಡ್ವಾ?” ಎಂದು ಕೇಳಿದರು. ಹಾಕಿ ಎಂದೆ. ಡಿ ಪಕ್ಕದಲ್ಲಿ ಎರಡು ಚುಕ್ಕೆ ಬಿದ್ದವು. ಆಮೇಲೆ ಸಾಣೆ ಹಿಡಿದು, ನೆಲದ ಮೇಲೆ ಇಟ್ಟರು.

ಮನೆಗೆ ಬಂದಾಗ ಮೂವರೂ ಹೆಂಗಸರು ಅಂಗಳದಲ್ಲಿದ್ದರು. ಉಳಿಯನ್ನು ಹೊಸ್ತಿಲಿನ ಹೊರಗೆ ಇಟ್ಟೆ. ತಮ್ಮನ ಹೆಂಡತಿ ಬಗ್ಗಲಿಲ್ಲ, ಅಮ್ಮನ ಕಡೆ ನೋಡಿದಳು.

“ಕೆಂಪ್ಗಾಯ್ತಾ?” ಎಂದಳು ಅಮ್ಮ.

“ಆಯ್ತು. ನಾನೇ ನೋಡ್ದೆ.”

ಅಮ್ಮ ಮಂಡಿ ಹಿಡಿದುಕೊಂಡು ಬಗ್ಗಿ ಉಳಿಯನ್ನು ಎತ್ತಿಕೊಂಡಳು. ಅವನು ಮಾಡುತ್ತಿದ್ದ ಹಾಗೆಯೇ ತಿರುಗಿಸಿ, ಕತ್ತಿನ ಕೆಳಗೆ ಹೆಬ್ಬೆರಳಿನಲ್ಲಿ ಸವರಿದಳು. ಅಮ್ಮನಿಗೆ ಓದಲು ಬರುವುದಿಲ್ಲ. ಆದರೆ ಎರಡು ಚುಕ್ಕೆ ಅವಳಿಗೆ ಗೊತ್ತು. ನಮ್ಮ ಮನೆಯ ಕುಡುಗೋಲು, ಮಚ್ಚು, ಗುದ್ದಲಿ ಎಲ್ಲದರ ಮೇಲೂ ಅದೇ ಇದೆ.

“ಇದು ನಮ್ಮೂರ್ದೇ” ಎಂದು ಹೇಳಿ, ಉಳಿ ಹಿಡಿದುಕೊಂಡೇ ಹೊಸ್ತಿಲು ದಾಟಿ ಒಳಗೆ ಹೋದಳು.

ಹಿಡಿ ಮಾಡಿದ್ದು ನಾನು. ಹುಣಸೆ ಕೊಂಬೆಯ ಉಳಿದ ತುಂಡು ಅಟ್ಟದ ಮೇಲಿತ್ತು. ಮಚ್ಚಿನಿಂದ ಸವರಿದೆ, ಪೈಪಿನ ಬಳೆ ತೊಡಿಸಿದೆ. ದಪ್ಪವಾಯಿತು. ನನ್ನ ಹೆಂಡತಿ ನೋಡಿ, “ಇದೇನ್ ಒನಕೆನಾ?” ಎಂದಳು. ತಮ್ಮನ ಹೆಂಡತಿ ಗಾಜಿನ ಚೂರು ಹುಡುಕಿಕೊಂಡು ಬಂದು ಹೆರೆಯಲು ಕೂತಳು. ಹೆರೆಯುವುದು, ಮುಷ್ಟಿಯಲ್ಲಿ ಹಿಡಿದು ನೋಡುವುದು, ಮತ್ತೆ ಹೆರೆಯುವುದು. ನನಗೋ ತಮ್ಮನಿಗೋ ಹೊಂದುವಷ್ಟಕ್ಕೆ ನಿಲ್ಲಿಸಲಿಲ್ಲ. ತನ್ನ ಮುಷ್ಟಿಗೆ ಸರಿಹೋಗುವವರೆಗೂ ಹೆರೆದಳು. ಕೆಲಸ ತನ್ನದೇ ಎಂದು ಅವಳು ಆಗಲೇ ತೀರ್ಮಾನಿಸಿದ್ದಳೆಂದು ನನಗೆ ಆಗ ತಿಳಿಯಿತು.

ಹಲಗೆಯನ್ನು ಚಪ್ಪಡಿಯ ಮೇಲೆ ಹಾಕಿ, ಪೆನ್ಸಿಲ್ ಗೆರೆಯ ಮೇಲೆ ಉಳಿ ಇಟ್ಟಳು. ಸರಿಯಾಗಿ ಕೂತಿತು. ಸುತ್ತಿಗೆ ಎತ್ತಿದರೆ ಹಲಗೆಯ ಆ ತುದಿ ಎದ್ದುಬಿಡುತ್ತಿತ್ತು. ಅವಳು ತಲೆ ಎತ್ತಿ ನನ್ನ ಹೆಂಡತಿಯ ಕಡೆ ನೋಡಿದಳು.

“ಅಕ್ಕಾ, ಬಂದು ಕೂತ್ಕೊಳಿ.”

“ನಾನಾ?”

“ಇನ್ಯಾರು? ಉಳಿ ಕಳೆದೋರು ನೀವೇ ತಾನೇ.”

ನನ್ನ ಹೆಂಡತಿ ಅವರೆಕಾಯಿಯ ಮೊರ ಹಿಡಿದುಕೊಂಡು ಬಂದು ಹಲಗೆಯ ತುದಿಯಲ್ಲಿ ಕೂತಳು. ಮೊದಲ ಏಟಿಗೇ ಬೆಚ್ಚಿದಳು.

“ಅಳ್ಳಾಡ್ಬೇಡಿ ಅಕ್ಕಾ, ಗೆರೆ ತಪ್ತದೆ.”

ನಾನು ಹಾಲಿನ ಕ್ಯಾನು ತೊಳೆಯುತ್ತಿದ್ದೆ, ತೊಳೆಯುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ತೂತಿನ ಆ ಕಡೆ ಬೆಳಕು ಕಾಣಿಸಿತು. ಸಂಜೆ ಗೂಟ ಬಡಿದು ಹಲಗೆಯನ್ನು ಗೋದಲಿಗೆ ಕೂರಿಸಿದೆವು. ಮೂರನೆಯ ತೂತಿನ ಮೇಲಿನ ಅರ್ಧ ನೆಟ್ಟಗಿದೆ, ಕೆಳಗಿನ ಅರ್ಧ ಸ್ವಲ್ಪ ವಾರೆಯಾಗಿದೆ. ಎಲ್ಲಿಂದ ವಾರೆಯಾಗುತ್ತದೆ ಎಂಬುದು ಗೂಟ ಬಡಿಯುವ ಮೊದಲು ಬೆರಳು ಹಾಕಿ ನೋಡಿದಾಗ ಗೊತ್ತಾಯಿತು. ಗೂಟ ಮಾತ್ರ ಗಟ್ಟಿಯಾಗಿ ನಿಂತಿದೆ.